ಶಾಲೆಯಲ್ಲಿ ನಾಯಿ, ಮೊಲ, ಗಿನಿಪಿಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳ ಮನಸ್ಸು ಹಗುರಾಗಲಿ ಎಂದು ಶಾಲೆಯಲ್ಲೇ ಪ್ರಾಣಿ ಸಾಕುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಶಾಲೆಯ ಆಪ್ತಸಮಾಲೋಚನೆ ಕೋಣೆಗೆ ಒಂದು ನಾಯಿಮರಿ ತರಬೇಕೆಂದಿದ್ದೇವೆ. ಚಿಕ್ಕಂದಿನಿಂದ ಮಕ್ಕಳ ನಡುವೆಯೇ ಬೆಳೆದರೆ ಒಗ್ಗಿಕೊಳ್ಳುತ್ತದಲ್ಲವೇ? ಯಾವ ತಳಿ ಒಳ್ಳೆಯದು? (ಮುಖ್ಯೋಪಾಧ್ಯಾಯಿನಿ)

ಉತ್ತರ: ಮರಿ ಬೇಡ. ಹಲ್ಲು ಬರುವ ಕಾಲದಲ್ಲಿ ಮರಿ ಕೈ ಸಿಕ್ಕರೆ ಕೈ, ಬಟ್ಟೆ ಸಿಕ್ಕರೆ ಬಟ್ಟೆ ಕಚ್ಚುತ್ತದೆ. ಮೂತ್ರ ಹಿಡಿದುಕೊಳ್ಳಲು ಅದಕ್ಕೆ ಬರುವುದಿಲ್ಲ. ಆರು ತಿಂಗಳಾಗುತ್ತಲೇ ಹರೆಯ ಶುರುವಾಗಿ, ಅಲ್ಲಿಯವರೆಗೆ ಕಲಿತದ್ದನ್ನೆಲ್ಲ ಮರೆತಂತೆ ಆಡುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸುಮಾರು 3ನೇ ವಾರದಿಂದ 14ನೇ ವಾರದವರೆಗೆ ಮರಿ ಏನನ್ನು ಕಾಣುತ್ತದೋ, ಏನನ್ನು ಕೇಳುತ್ತದೋ ಅದರ ಮೇಲೆ ಅದರ ಮುಂದಿನ ಸ್ವಭಾವ ನಿಲ್ಲುತ್ತದೆ. ಆ ವಯಸ್ಸಿನಲ್ಲಿ ಮೂವತ್ತು ಮಕ್ಕಳು ಒಮ್ಮೆಲೇ ಮುತ್ತಿಕೊಂಡರೆ ಅದು ಒಗ್ಗಿಕೊಳ್ಳುವ ಬದಲು ಮಕ್ಕಳೆಂದರೆ ಗಾಬರಿ ಎಂಬುದನ್ನೇ ಕಲಿಯಬಹುದು.

ಕನಿಷ್ಠ 2 ವರ್ಷ ತುಂಬಿದ, ಸ್ವಭಾವ ನೆಲೆ ನಿಂತ ನಾಯಿಯನ್ನು ನೋಡಿ. ತಳಿಯ ಹೆಸರಿಗಿಂತ ನಿಮ್ಮ ಮುಂದಿರುವ ಆ ಒಂದು ನಾಯಿಯ ಗುಣ ಮುಖ್ಯ. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಕುರ್ಚಿಯನ್ನು ನೆಲದ ಮೇಲೆ ಕಿರ್ರೆಂದು ಎಳೆಯಿರಿ. ಊರುಗೋಲು ಹಿಡಿದವರೊಬ್ಬರು ಪಕ್ಕದಲ್ಲಿ ಹಾದುಹೋಗಲಿ. ಬೆಚ್ಚಲೇಬಾರದು ಎಂದಲ್ಲ, ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಕೆಲವೇ ಸೆಕೆಂಡಿನಲ್ಲಿ ಮೈ ಸಡಿಲಿಸಿ ತಟ್ಟೆಯನ್ನು ಮೂಸಲು ಬಂದರೆ ಒಳ್ಳೆಯ ಲಕ್ಷಣ. ಐದು ನಿಮಿಷವಾದರೂ ತಿಂಡಿಗೆ ಬಾಯಿ ಹಾಕದಿದ್ದರೆ ಆ ನಾಯಿಗೆ ಶಾಲೆ ತಕ್ಕ ಜಾಗವಲ್ಲ. ಏನು ಮಾಡಿದರೂ ಅಲ್ಲಾಡದೆ ಕೂರುವ ನಾಯಿಯನ್ನು ಸಾಧು ಎಂದು ಮೆಚ್ಚಿಕೊಳ್ಳುವವರಿದ್ದಾರೆ. ಹೆದರಿ ಮರಗಟ್ಟಿದ ನಾಯಿಯೂ ಹಾಗೆಯೇ ಕೂರುತ್ತದೆ. ಅಪರಿಚಿತರ ಬಳಿಗೆ ತಾನಾಗಿ ಬಂದು, ಸಾಕೆನಿಸಿದಾಗ ತಾನಾಗಿ ದೂರ ಸರಿಯುವ ನಾಯಿ ನಿಮಗೆ ಬೇಕು.

ಇನ್ನೊಂದು ಮಾತು. ನಾಯಿ ಶಾಲೆಯ ಆಸ್ತಿಯಾಗಬಾರದು, ಒಬ್ಬರ ಮನೆಯ ನಾಯಿಯಾಗಿರಬೇಕು. ರಾತ್ರಿ ಆ ಮನೆಯಲ್ಲಿ ಮಲಗಬೇಕು, ಬೆಳಿಗ್ಗೆ ಅವರ ಜೊತೆಯೇ ಬರಬೇಕು, ಅವರು ರಜೆ ಹಾಕಿದ ದಿನ ಬರಬಾರದು. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದ ಕಡೆ ಲಸಿಕೆಯ ದಿನ ತಪ್ಪಿಹೋಗುತ್ತದೆ, ಕುಂಟುತ್ತಿರುವುದು ನಾಲ್ಕು ದಿನವಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಶಿಕ್ಷಕರೊಬ್ಬರ ನಾಯಿ ವಾರವಿಡೀ ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲೇ ಇರುತ್ತದೆ, ಎಲ್ಲ ತರಗತಿಗೂ ಸುತ್ತುತ್ತದೆ. ಮಧ್ಯಾಹ್ನವಾದರೆ ಅದಕ್ಕೆ ತಾಳ್ಮೆಯೇ ಇರುವುದಿಲ್ಲ. (ಸಹಶಿಕ್ಷಕ)

ಉತ್ತರ: ಅದು ದಣಿದಿದೆ. ಬೆಳೆದ ನಾಯಿಗೆ ದಿನಕ್ಕೆ 12ರಿಂದ 14 ತಾಸು ನಿದ್ದೆ ಬೇಕು. ಅದರಲ್ಲಿ ಒಳ್ಳೆಯ ಪಾಲು ಹಗಲಿನದು. ಆ ಹಗಲಿನ ನಿದ್ದೆ ನಿಮ್ಮಲ್ಲಿ ಪೂರ್ತಿ ತಪ್ಪಿಹೋಗುತ್ತಿದೆ.

ವಾರಕ್ಕೆ 2 ಅಥವಾ 3 ದಿನ ಸಾಕು. ಬಂದ ದಿನ 20ರಿಂದ 30 ನಿಮಿಷದ ಎರಡು ಅಥವಾ ಮೂರು ಸರದಿ, ನಡುವೆ ಕನಿಷ್ಠ ಒಂದು ತಾಸು ಬಿಡುವು. ಮಕ್ಕಳು ನಾಯಿಯ ಬಳಿಗೆ ಬರಲಿ, ನಾಯಿ ತರಗತಿ ಸುತ್ತುವುದು ಬೇಡ. ಗದ್ದಲವಿಲ್ಲದ ಕೋಣೆಯ ಮೂಲೆಯಲ್ಲಿ ಎರಡು ಕಡೆ ಗೋಡೆ, ಒಂದು ಕಡೆ ಕಪಾಟು ಬರುವಂತೆ ಸುಮಾರು 2 ಮೀಟರ್ ಉದ್ದಗಲದ ಜಾಗ ಬಿಡಿ. ಅಲ್ಲಿ ಚಾಪೆ, ನೀರು. ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ, ಟೇಪಿನ ಆಚೆ ಮಕ್ಕಳು ಕಾಲಿಡಬಾರದು, ದೊಡ್ಡವರೂ ಇಡಬಾರದು ಎಂದು ಗಟ್ಟಿಮಾಡಿ. ಈ ಒಂದು ಟೇಪು ಮಾಡುವಷ್ಟು ಕೆಲಸವನ್ನು ಹತ್ತು ನಿಯಮಗಳ ಪಟ್ಟಿ ಮಾಡುವುದಿಲ್ಲ. ನಾಯಿ ಎದ್ದು ಟೇಪಿನ ಆಚೆ ಹೋಯಿತೆಂದರೆ ಸರದಿ ಮುಗಿಯಿತು, ಗಡಿಯಾರದಲ್ಲಿ ಇನ್ನೂ ಹದಿನೈದು ನಿಮಿಷ ಉಳಿದಿದ್ದರೂ ಸರಿ.

ಮೂರು ನಾಲ್ಕು ತಾಸಿಗೊಮ್ಮೆ ಹೊರಗೆ ಬಿಡಿ. ಬಿಸಿಲಿನಲ್ಲಿ ಕರೆದೊಯ್ಯುವ ಮೊದಲು ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಹಿಡಿಯಿರಿ. ನಿಮಗೆ ತಡೆಯಲಾಗದ ನೆಲ ಅದರ ಪಾದವನ್ನೂ ಸುಡುತ್ತದೆ. ನುಣುಪಾದ ಟೈಲ್ಸ್ ಇದ್ದರೆ ಓಡಾಡುವ ದಾರಿಗೆ ರಬ್ಬರ್ ಚಾಪೆ ಹಾಸಿ. ಜಾರುವ ಭಯದಲ್ಲಿರುವ ನಾಯಿಗೆ ಮಕ್ಕಳ ಸಣ್ಣ ತಳ್ಳಾಟವೂ ಅಪಾಯದಂತೆ ಕಾಣುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ನಾಯಿ ಬಹಳ ಒಳ್ಳೆಯದು. ಮಕ್ಕಳು ಅಪ್ಪಿಕೊಂಡರೂ ಸುಮ್ಮನಿರುತ್ತಿತ್ತು. ಕಳೆದ ವಾರ ಏಕಾಏಕಿ ಒಂದು ಮಗುವಿನ ಮೇಲೆ ಗುರ್ ಎಂದಿತು. ಗದರಿಸಿದೆವು. ಮತ್ತೆ ಹಾಗೆ ಮಾಡದಂತೆ ಹೇಗೆ ತಿದ್ದುವುದು? (ಎರಡನೇ ತರಗತಿಯ ಶಿಕ್ಷಕಿ)

ಉತ್ತರ: ದಯವಿಟ್ಟು ಗದರಿಸಬೇಡಿ. ಗುರ್ ಎನ್ನುವುದು ಕಚ್ಚುವುದಕ್ಕೆ ಮುಂಚಿನ ಮಾತು. ಗದರಿದರೆ ನಾಯಿಯ ಸಂಕಟ ಹೋಗುವುದಿಲ್ಲ, ಅದನ್ನು ಹೇಳಿಕೊಳ್ಳುವ ಅಭ್ಯಾಸ ಹೋಗುತ್ತದೆ. ಮುಂದಿನ ಸಲ ಅದು ಗುರ್ ಎನ್ನದೆಯೇ ಹಲ್ಲು ಹಾಕಬಹುದು.

ಅದು ಏಕಾಏಕಿಯೂ ಅಲ್ಲ. ಮಗು ನಾಯಿಯ ಕುತ್ತಿಗೆಗೆ ಎರಡೂ ಕೈ ಹಾಕುವಾಗ ಹತ್ತಿರದಿಂದ ನೋಡಿ. ಅಲ್ಲಿಯವರೆಗೆ ಸಡಿಲವಾಗಿ ತೆರೆದಿದ್ದ ಬಾಯಿ ಮೊದಲು ಮುಚ್ಚಿಕೊಳ್ಳುತ್ತದೆ. ನಾಲಿಗೆಯ ತುದಿ ಮೂಗನ್ನು ಸವರಿ ಸರಕ್ಕನೆ ಒಳಹೋಗುತ್ತದೆ. ಮುಖ ಒಂದು ಪಕ್ಕಕ್ಕೆ, ಕಣ್ಣು ಮಾತ್ರ ಮಗುವಿನತ್ತ. ಆಗ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಎದ್ದು ಕಾಣುತ್ತದೆ. ನಿದ್ದೆ ಬಂದಿರದಿದ್ದರೂ ಒಂದು ಆಕಳಿಕೆ ಬರುತ್ತದೆ. ಕಿವಿ ಹಿಂದಕ್ಕೆ ಅಂಟುತ್ತದೆ, ಒಂದು ಮುಂಗಾಲು ನೆಲದಿಂದ ತುಸು ಮೇಲೇಳುತ್ತದೆ. ಆಮೇಲೆ ಉಸಿರು ಹಿಡಿದಂತೆ ಮೈ ಬಿಗಿದು ಒಂದು ಕ್ಷಣ ಕಲ್ಲಾಗುತ್ತದೆ. ‘ಎಷ್ಟು ಚೆಂದ ಕೂತಿದೆ’ ಎಂದು ನಾವು ಫೋಟೊ ತೆಗೆಯುವುದು ಎಷ್ಟೋ ಸಲ ಇದೇ ಕ್ಷಣದಲ್ಲಿ. ಬಾಲ ಅಲ್ಲಾಡುತ್ತಿದ್ದರೆ ಖುಷಿಯಲ್ಲಿದೆ ಎಂದೂ ತೀರ್ಮಾನಿಸಬೇಡಿ. ಸೊಂಟವೂ ಸೇರಿ ಮೈಯೆಲ್ಲ ಬಳುಕುತ್ತಿದ್ದರೆ ಖುಷಿ. ಮೈ ಸೆಟೆದು, ಎತ್ತಿದ ಬಾಲದ ತುದಿಯೊಂದೇ ಬಿಗಿಯಾಗಿ ಆಡುತ್ತಿದ್ದರೆ ಅದು ಉದ್ವೇಗ.

ಈಗ ಮಾಡಬೇಕಾದದ್ದು: ಎರಡು ವಾರ ಶಾಲೆಗೆ ಕರೆತರಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ ನೋವಿದೆಯೇ ಎಂದು ಪರೀಕ್ಷಿಸಿ. ಕಿವಿಯ ಸೋಂಕು, ಹುಳುಕು ಹಲ್ಲು, ಸೊಂಟದ ಕೀಲು, ಈ ಮೂರನ್ನು ಬಿಡದೆ ನೋಡಲು ಹೇಳಿ. ಇಷ್ಟು ದಿನ ಸಹಿಸಿಕೊಂಡ ನಾಯಿಯ ತಾಳ್ಮೆ ಥಟ್ಟನೆ ಕೆಟ್ಟಿತೆಂದರೆ ಹಲವು ಸಲ ಒಳಗೆ ನೋವಿರುತ್ತದೆ. ನೋವಿಲ್ಲ ಎಂದಾದರೆ ಒಬ್ಬೊಬ್ಬರೇ ಮಕ್ಕಳೊಂದಿಗೆ, ದಿನಕ್ಕೆ ಹತ್ತೇ ನಿಮಿಷದಿಂದ ಮತ್ತೆ ಶುರುಮಾಡಿ.

ಅಪ್ಪಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ, ಬದಲಿಗೆ ಮಕ್ಕಳಿಗೆ ‘ಮೂರು ಎಣಿಕೆ’ ಕಲಿಸಿ. ಮಗು ನಾಯಿಯ ಪಕ್ಕಕ್ಕೆ ಕೂತು ಹೆಸರು ಕರೆಯಬೇಕು. ನಾಯಿ ತಾನಾಗಿ ಬಂದರೆ ಎದೆಯನ್ನೋ ಭುಜವನ್ನೋ ಸವರಬೇಕು. ನೆತ್ತಿಯ ಮೇಲಿಂದ ಕೈ ಇಳಿಸಬಾರದು. ಒಂದು, ಎರಡು, ಮೂರು ಎಣಿಸಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳಬೇಕು. ನಾಯಿ ಮೈ ಒರಗಿಸಿದರೆ, ಮೂತಿಯಿಂದ ಕೈ ತಿವಿದರೆ ಇನ್ನೂ ಮೂರು ಎಣಿಕೆ. ಮುಖ ತಿರುಗಿಸಿದರೆ, ಮೈ ಕೊಡವಿಕೊಂಡರೆ, ಎದ್ದುಹೋದರೆ ‘ಈಗ ಬೇಡವಂತೆ’ ಎಂದು ಮಗುವೇ ಹೇಳಬೇಕು. ಆರು ವರ್ಷದ ಮಕ್ಕಳೂ ಒಂದೆರಡು ವಾರದಲ್ಲಿ ಇದನ್ನು ಕಲಿಯುತ್ತಾರೆ, ಕಲಿತ ಮೇಲೆ ದೊಡ್ಡವರನ್ನೂ ತಿದ್ದುತ್ತಾರೆ. ಶಾಲೆಗೆ ನಾಯಿ ಏಕೆ ಬೇಕೆಂದು ಯಾರಾದರೂ ಕೇಳಿದರೆ ನಾವು ಮೊದಲು ಹೇಳುವ ಕಾರಣ ಇದೇ: ಬೇಡ ಎಂಬುದನ್ನು ಮಾತಿಲ್ಲದೆಯೂ ಓದಲು ಮಗು ಅಲ್ಲಿ ಕಲಿಯುತ್ತದೆ.

ಪ್ರಶ್ನೆ: ತರಗತಿಯ ಎರಡು ಗಿನಿಪಿಗ್‌ಗಳಲ್ಲಿ ಒಂದು ಎರಡು ವಾರದಿಂದ ಓಡಾಡಲು ಹಿಂಜರಿಯುತ್ತಿದೆ, ರೋಮ ಒರಟಾಗಿದೆ, ಎತ್ತಿದರೆ ಕೀರಲುತ್ತದೆ. ಮೊಲದ ಆಹಾರದ ಗುಳಿಗೆ ಹಾಕುತ್ತಿದ್ದೇವೆ, ನೀರಿಗೆ ವಿಟಮಿನ್ ಹನಿ ಬೆರೆಸುತ್ತಿದ್ದೇವೆ. (ಐದನೇ ತರಗತಿಯ ಶಿಕ್ಷಕ)

ಉತ್ತರ: ವಿಟಮಿನ್ ಸಿ ಕೊರತೆಯ ಸ್ಕರ್ವಿ ರೋಗದ ಲಕ್ಷಣ ಇದು. ನಾಳೆಗೆ ದೂಡದೆ ಪಶುವೈದ್ಯರ ಬಳಿ ಒಯ್ಯಿರಿ. ಮನುಷ್ಯರಂತೆ ಗಿನಿಪಿಗ್‌ಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ. ಮೊಲಕ್ಕೆ ಬರುತ್ತದೆ, ಹಾಗಾಗಿ ಮೊಲದ ಗುಳಿಗೆಯಲ್ಲಿ ಅದನ್ನು ಸೇರಿಸಿರುವುದಿಲ್ಲ. ನೀರಿಗೆ ಬೆರೆಸಿದ್ದು ಬೆಳಕಿಗೆ, ಲೋಹದ ನಳಿಕೆಗೆ ತಾಗಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ರುಚಿ ಬದಲಾಯಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಎರಡನೇ ತೊಂದರೆ ಶುರು.

ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ. ದಿನಕ್ಕೆ ಸುಮಾರು 30 ಗ್ರಾಂ ತಾಜಾ ದಪ್ಪಮೆಣಸಿನಕಾಯಿ ಕೊಟ್ಟರೆ ಆರೋಗ್ಯವಾಗಿರುವ ಪ್ರಾಣಿಗೆ ಸಾಕಾಗುತ್ತದೆ. ಈಗಾಗಲೇ ಕಾಯಿಲೆ ಬಿದ್ದಿದ್ದಕ್ಕೆ ಎಷ್ಟು ಕೊಡಬೇಕೆಂದು ವೈದ್ಯರು ಹೇಳಲಿ. ಗಿನಿಪಿಗ್‌ಗೆಂದೇ ಮಾಡಿದ ಗುಳಿಗೆಯಾದರೂ ಚೀಲದ ಮೇಲಿನ ತಯಾರಿಕೆ ದಿನಾಂಕ ನೋಡಿ, ಮೂರು ತಿಂಗಳು ದಾಟಿದ್ದನ್ನು ವಿಟಮಿನ್‌ಗಾಗಿ ನಂಬಬೇಡಿ. ಹೊಟ್ಟೆಯ ಬಹುಪಾಲು ಒಣಹುಲ್ಲಿನಿಂದ ತುಂಬಬೇಕು, ಹುಲ್ಲು ಹಗಲು ರಾತ್ರಿ ಎದುರಿಗಿರಬೇಕು. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ.

ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ಅಡುಗೆ ತಕ್ಕಡಿಯಲ್ಲಿ ತೂಗಿ ಗೋಡೆಯ ಪಟ್ಟಿಯಲ್ಲಿ ಬರೆಯಿರಿ. ಇದು ಮಕ್ಕಳಿಗೆ ಒಪ್ಪಿಸಬಹುದಾದ ಅತ್ಯುತ್ತಮ ಕೆಲಸ. ವಾರದಲ್ಲಿ 50 ಗ್ರಾಂ ಇಳಿದರೆ ಕಾಯುವುದು ಬೇಡ. ಹನ್ನೆರಡು ತಾಸು ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ತುರ್ತು ಎಂದೇ ತಿಳಿಯಿರಿ, ಕರುಳಿನ ಚಲನೆ ನಿಂತು ಪ್ರಾಣಕ್ಕೆ ಬರುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್‌ನಂಥ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಪೆನ್ಸಿಲಿನ್ ಗುಂಪಿನ ಔಷಧಿ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಅದನ್ನೇ ಕೊಲ್ಲಬಲ್ಲದು.

ಗೂಡಿನ ವಿಷಯ: ಜೋಡಿಗೆ ನೆಲದ ಅಳತೆ ಕನಿಷ್ಠ 0.7 ಚದರ ಮೀಟರ್, ದೊಡ್ಡದಾದಷ್ಟೂ ಒಳ್ಳೆಯದು. ಅಡಗಲು ಎರಡು ಗೂಡುಪೆಟ್ಟಿಗೆ, ಪ್ರತಿಯೊಂದಕ್ಕೂ ಎರಡೆರಡು ಬಾಗಿಲು. ಒಂದೇ ಬಾಗಿಲಿದ್ದರೆ ಜೋರಿನದು ಬಡವನ ದಾರಿ ಕಟ್ಟುತ್ತದೆ. ಪೈನ್, ಸೀಡರ್ ಮರದ ಹೊಟ್ಟು ಹಾಸಬೇಡಿ, ಅದರ ಘಾಟು ಶ್ವಾಸಕೋಶಕ್ಕೆ ಕೆಟ್ಟದ್ದು. ಕೋಣೆಯ ಉಷ್ಣತೆ 18ರಿಂದ 24 ಡಿಗ್ರಿ ಇದ್ದರೆ ಹಿತ. 28 ದಾಟಿದರೆ ಬಿಸಿಲಾಘಾತದ ಭಯ. ಮಕ್ಕಳು ನಿಂತುಕೊಂಡು ಎತ್ತಬಾರದು. ಮಗು ನೆಲದ ಮೇಲೆ ಕಾಲು ಚಾಚಿ ಕೂತು ತೊಡೆಯ ಮೇಲೆ ಟವೆಲ್ ಹಾಸಿಕೊಳ್ಳಲಿ, ದೊಡ್ಡವರು ಎದೆಗೂ ಹಿಂಬದಿಗೂ ಕೈಕೊಟ್ಟು ತಂದು ಕೂರಿಸಲಿ. ಅಲ್ಲಿ ಅಲುಗಾಡದೆ ಕಣ್ಣರಳಿಸಿ ಕೂತರೆ ಅದು ಹೆದರಿಕೆ. ಸೊಪ್ಪು ಹಿಡಿದಾಗ ತಿಂದರೆ ನೆಮ್ಮದಿಯಾಗಿದೆ ಎಂದು ನಂಬಬಹುದು.

ಪ್ರಶ್ನೆ: ವಾರದ ಕೊನೆಗೆ ಗಿನಿಪಿಗ್‌ಗಳನ್ನು ಮಕ್ಕಳು ಸರದಿಯಂತೆ ಮನೆಗೆ ಒಯ್ಯಬಹುದೇ?

ಉತ್ತರ: ಬೇಡ. ವಾರಕ್ಕೊಂದು ಹೊಸ ಮನೆ, ಹೊಸ ವಾಸನೆ, ಅಲ್ಲಿನ ಬೆಕ್ಕು, ಗಾಡಿಯ ಕುಲುಕಾಟ, ಇಷ್ಟು ಅವುಗಳಿಗೆ ಬಹಳವಾಯಿತು. ಒಬ್ಬ ಸಿಬ್ಬಂದಿ ಪ್ರತಿ ರಜಾದಿನ ಬೆಳಿಗ್ಗೆ ಸಂಜೆ ಬಂದು ನೋಡಲಿ, ಅಥವಾ ಒಂದೇ ಮನೆ ಗೊತ್ತುಮಾಡಿ ಯಾವಾಗಲೂ ಅಲ್ಲಿಗೇ ಹೋಗಲಿ. ದೀರ್ಘ ರಜೆಗೆ ಯಾರು ಎಂಬುದು ಪ್ರಾಣಿ ತರುವ ಮೊದಲೇ ಕಾಗದದ ಮೇಲೆ ಬರೆದಿರಬೇಕು. ಆ ಹೆಸರು ಸಿಗದ ಶಾಲೆ ಪ್ರಾಣಿ ತರಬಾರದು.

ಪ್ರಶ್ನೆ: ನನ್ನ ಮಗನಿಗೆ ಅಸ್ತಮಾ ಇದೆ. ಅಲರ್ಜಿ ಮಾಡದ ತಳಿಯ ನಾಯಿ ತರುತ್ತೇವೆ ಎನ್ನುತ್ತಿದೆ ಶಾಲೆ. ಒಪ್ಪಬಹುದೇ? (ತಾಯಿ)

ಉತ್ತರ: ಅಲರ್ಜಿ ಮಾಡದ ತಳಿ ಎಂಬುದಿಲ್ಲ. ಅಲರ್ಜಿ ತರುವ ಪ್ರೋಟೀನ್ ಇರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಕೂದಲು ಉದುರದ ನಾಯಿಗೂ ಜೊಲ್ಲಿದೆ, ಚರ್ಮವಿದೆ. ಬೆಕ್ಕಿನದು ಇನ್ನೂ ಹಗುರಾದ ಕಣ. ಬಟ್ಟೆಗೆ ಅಂಟಿ, ಬೆಕ್ಕೇ ಬಾರದ ತರಗತಿಗಳಲ್ಲೂ ಅದು ಪತ್ತೆಯಾಗಿದೆ. ಬೆಕ್ಕನ್ನು ಕಳಿಸಿದ ಮೇಲೂ ಮನೆಯಲ್ಲಿ ಅದರ ಪ್ರಮಾಣ ತಗ್ಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ನಿಮ್ಮ ಮಗನ ವೈದ್ಯರ ಪತ್ರ ಪಡೆದು ಶಾಲೆಗೆ ಕೊಡಿ. ರೋಗ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ, ಪ್ರಾಣಿ ಒಂದೇ ಕೋಣೆಗೆ ಸೀಮಿತವಾಗಿರಬೇಕು, ಆ ಕೋಣೆಯಲ್ಲಿ ಕಾರ್ಪೆಟ್, ಪರದೆ, ಮೆತ್ತೆ ಇರಬಾರದು, ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ನಿಮ್ಮ ಮಗನ ಪಾಠ ಅಲ್ಲಿ ನಡೆಯಬಾರದು. ನಾಯಿಗೆ ಸ್ನಾನ ಮಾಡಿಸಿದರೆ ಪ್ರಮಾಣ ತಗ್ಗುತ್ತದೆ, ಆದರೆ ಕೆಲವೇ ದಿನ. ತೀವ್ರ ಅಸ್ತಮಾ ಇದ್ದರೆ ಮಾತು ನೇರ: ಪ್ರಾಣಿಗಾಗಿ ಮಗು ಇನ್ಹೇಲರ್ ಹೆಚ್ಚಿಸಿಕೊಳ್ಳಬಾರದು, ಪ್ರಾಣಿ ಆ ಕಟ್ಟಡದೊಳಗೆ ಬರಬಾರದು.

ಪ್ರಶ್ನೆ: ಸೋಂಕಿನ ಬಗ್ಗೆ ಪೋಷಕರಿಗೆ ಏನು ಹೇಳಬೇಕು? ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟರೆ ಸಾಕೇ?

ಉತ್ತರ: ಸಾಕಾಗುವುದಿಲ್ಲ. ಜಂತುಹುಳುವಿನ ಮೊಟ್ಟೆಯನ್ನು ಸ್ಯಾನಿಟೈಸರ್ ಕೊಲ್ಲುವುದಿಲ್ಲ. ಹರಿಯುವ ನೀರು, ಸೋಪು, 20 ಸೆಕೆಂಡು ಉಜ್ಜುವುದು, ಇದಕ್ಕೆ ಬದಲಿಯಿಲ್ಲ. ಪ್ರಾಣಿಯ ಕೋಣೆಯಲ್ಲಿ ತಿನ್ನುವುದು, ಪೆನ್ಸಿಲ್ ಬಾಯಿಗಿಡುವುದು ನಿಲ್ಲಬೇಕು. ನಾಯಿಯ ಮಲವನ್ನು ಅಂದಂದೇ ತೆಗೆಯಿರಿ. ದುಂಡುಹುಳುವಿನ ಮೊಟ್ಟೆ ಸೋಂಕು ತರುವ ಹಂತಕ್ಕೆ ಬಲಿಯಲು ಕೆಲವು ವಾರ ಬೇಕು, ಹಾಗಾಗಿ ಬೇಗ ತೆಗೆದ ಮಲ ಅಪಾಯಕಾರಿಯಲ್ಲ, ಮರಳಿನ ಆಟದಂಗಳದಲ್ಲಿ ಉಳಿದದ್ದು ಅಪಾಯ. ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ, ವೈದ್ಯರು ಹೇಳಿದ ದಿನಕ್ಕೆ ರೇಬೀಸ್ ಮತ್ತು ಇತರ ಲಸಿಕೆ ಹಾಕಿಸಿ ದಾಖಲೆ ಕಚೇರಿಯಲ್ಲಿಡಿ. ರೋಮ ದುಂಡಗೆ ಉದುರಿದ ಮಚ್ಚೆ ಕಂಡರೆ ಹುಳುಕಡ್ಡಿ ಇರಬಹುದು. ಗುಣವಾಯಿತೆಂದು ವೈದ್ಯರು ಹೇಳುವವರೆಗೆ ಮಕ್ಕಳಿಂದ ದೂರ.

ಕಚ್ಚಿದರೆ, ಪರಚಿ ರಕ್ತ ಬಂದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಗೆ ಲಸಿಕೆ ಆಗಿದೆ ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ.

ಪ್ರಶ್ನೆ: ಮಕ್ಕಳ ಡಬ್ಬಿಯಿಂದ ನಾಯಿ ಏನಾದರೂ ತಿಂದರೆ?

ಉತ್ತರ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಜೈಲಿಟಾಲ್ ಸಿಹಿಕಾರಕವಿರುವ ಚ್ಯೂಯಿಂಗ್ ಗಮ್, ಇವು ನಾಯಿಗೆ ವಿಷ. ಲಕ್ಷಣ ಕಾಣಲೆಂದು ಕಾಯಬೇಡಿ. ಒಣದ್ರಾಕ್ಷಿ ತಿಂದ ನಾಯಿ ಅಂದು ಆಡಿಕೊಂಡಿದ್ದು ಎರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು. ನಾಯಿಯ ತೂಕ, ತಿಂದದ್ದು, ತಿಂದ ಹೊತ್ತು, ತಿಂಡಿಯ ಪೊಟ್ಟಣದ ಚೂರು, ಇವಿಷ್ಟನ್ನು ಹಿಡಿದು ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಪ್ರಶ್ನೆ: ಪೋಷಕರೊಬ್ಬರು ಶಿಶುವಿಹಾರಕ್ಕೆ ಪುಟ್ಟ ಆಮೆ ಕೊಡುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ನಯವಾಗಿ ಬೇಡವೆನ್ನಿ. ಆರೋಗ್ಯವಾಗಿ ಕಾಣುವ ಆಮೆಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು, ತೊಳೆದರೆ ಹೋಗುವಂಥದ್ದಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಹೆಚ್ಚು ಅಪಾಯ. ಮಕ್ಕಳಿಗೆ ಸೋಂಕು ತಗಲುತ್ತಿದ್ದ ಕಾರಣಕ್ಕೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧಿಸಿತು. ಆ ವಯಸ್ಸಿನವರಿಗೆ ಮೀನಿನ ತೊಟ್ಟಿ ಚೆನ್ನ. ನೀರು ಹಾಕಿ, ಫಿಲ್ಟರ್ ಓಡಿಸಿ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಸಲು 4ರಿಂದ 6 ವಾರ ಬಿಟ್ಟು ಆಮೇಲೆ ಮೀನು ಬಿಡಿ. ಅದೇ ದಿನ ಬಿಟ್ಟ ಮೀನು ತನ್ನ ಕೊಳೆಯಿಂದಲೇ ಸಾಯಬಹುದು.

ಪ್ರಶ್ನೆ: ನಾಯಿಗೆ ಓದಿ ಹೇಳಿದರೆ ಮಕ್ಕಳ ಓದು ಸುಧಾರಿಸುತ್ತದೆಯೇ? (ಗ್ರಂಥಪಾಲಕಿ)

ಉತ್ತರ: ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಇದಕ್ಕೆ ಒಂದು ಕ್ರಮಬದ್ಧ ಕಾರ್ಯಕ್ರಮದ ರೂಪ ಬಂತು. ಓದಿನ ಮಟ್ಟ ಏರುತ್ತದೆ ಎಂದು ಪೋಷಕರಿಗೆ ಮಾತು ಕೊಡಬೇಡಿ. ಮೈಮನಸ್ಸು ಸಡಿಲಾಗುವುದರ ಬಗ್ಗೆ ಆಧಾರ ಹೆಚ್ಚು ಗಟ್ಟಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಬೆಕ್ಕುಗಳನ್ನು 10 ನಿಮಿಷ ಸವರಿದ ಕಾಲೇಜು ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಬರೀ ಚಿತ್ರ ನೋಡಿದವರಿಗಿಂತ, ಸುಮ್ಮನೆ ಕಾದವರಿಗಿಂತ ಕಡಿಮೆ ಇತ್ತು.

ತಡವರಿಸಿ ಓದುವ ಮಗುವಿಗೆ ಪಕ್ಕದವರ ನಗುವಿನ ಭಯ. ನಾಯಿ ನಗುವುದಿಲ್ಲ, ತಿದ್ದುವುದಿಲ್ಲ, ಮುಂದಿನ ಪದ ತಾನೇ ಹೇಳಿಬಿಡುವುದಿಲ್ಲ. ನಾಯಿಯ ಜೊತೆ ಇರುವವರೂ ಹಾಗೆಯೇ ಇರಬೇಕು, ಎಷ್ಟೋ ಕಡೆ ಕೆಡುವುದೇ ಇಲ್ಲಿ. ಮಗು ತನ್ನ ತರಗತಿಗಿಂತ ಒಂದು ಮೆಟ್ಟಿಲು ಸುಲಭದ ಪುಸ್ತಕ ಆರಿಸಲಿ, ನಾಯಿಯ ಪಕ್ಕಕ್ಕೆ ಒರಗಿ ಕೂರಲಿ, 15 ನಿಮಿಷ ಓದಲಿ. ಪದವೊಂದರಲ್ಲಿ ಸಿಕ್ಕಿಬಿದ್ದರೆ ಹತ್ತು ಎಣಿಸುವವರೆಗೆ ಸುಮ್ಮನಿರಿ. ಆಮೇಲೆ ನಾಯಿಯನ್ನು ತೋರಿಸಿ ‘ಇವನಿಗೆ ಈ ಪದ ಗೊತ್ತಿಲ್ಲ ಅನಿಸುತ್ತೆ, ನಿಧಾನವಾಗಿ ಬಿಡಿಸಿ ಹೇಳ್ತೀಯಾ?’ ಎನ್ನಿ. ನಾಯಿ ನಿದ್ದೆ ಹೋದರೆ ‘ನಿನ್ನ ದನಿ ಕೇಳಿ ನೆಮ್ಮದಿಯಾಗಿ ಮಲಗಿತು’ ಎನ್ನಿ. ಅದು ನಿಜವೂ ಹೌದು, ಭಯವಿದ್ದರೆ ಅದು ಮಲಗುತ್ತಿರಲಿಲ್ಲ.

ಪ್ರಶ್ನೆ: ನಾಯಿ ಕಂಡರೆ ನಡುಗುವ ಹುಡುಗಿಯೊಬ್ಬಳಿದ್ದಾಳೆ. ಅಭ್ಯಾಸ ಮಾಡಿಸಬೇಕೇ?

ಉತ್ತರ: ಅವಳು ಕೇಳಿದರೆ ಮಾತ್ರ. ನಾಯಿ ಬರುವ ದಿನ, ಬರುವ ಬಾಗಿಲು ಅವಳಿಗೆ ಮೊದಲೇ ಗೊತ್ತಿರಲಿ. ಅವಳ ದಾರಿಗೆ ನಾಯಿ ಬಾರದಿರಲಿ. ಆಸೆಪಟ್ಟರೆ ಕಿಟಕಿಯ ಆಚೆಯಿಂದ ನೋಡುವುದರಿಂದ ಶುರುಮಾಡಿ, ಎಷ್ಟು ಹತ್ತಿರ ಎಂಬುದನ್ನು ಪ್ರತಿ ಸಲ ಅವಳೇ ಹೇಳಲಿ. ‘ಏನೂ ಮಾಡಲ್ಲ, ಮುಟ್ಟು’ ಎಂದು ಕೈ ಹಿಡಿದೆಳೆದರೆ ಅವಳ ನಂಬಿಕೆ ನಾಯಿಯ ಮೇಲೂ ಹೋಗುತ್ತದೆ, ನಿಮ್ಮ ಮೇಲೂ ಹೋಗುತ್ತದೆ.

ಪ್ರಶ್ನೆ: ನಮ್ಮ ತರಗತಿಯ ಮೊಲಕ್ಕೆ 9 ವರ್ಷ. ಹೆಚ್ಚು ದಿನವಿಲ್ಲ ಎಂದಿದ್ದಾರೆ ವೈದ್ಯರು. ಏಳು ವರ್ಷದ ಮಕ್ಕಳಿಗೆ ಹೇಗೆ ಹೇಳಲಿ? (ಶಿಕ್ಷಕಿ)

ಉತ್ತರ: ಈಗಲೇ ಹೇಳಿ. ‘ಇದಕ್ಕೆ ವಯಸ್ಸಾಗಿದೆ, ವೈದ್ಯರು ನೋವಾಗದಂತೆ ನೋಡಿಕೊಳ್ಳುತ್ತಿದ್ದಾರೆ, ಆದರೆ ಗುಣವಾಗುವುದಿಲ್ಲ.’ ಸತ್ತ ದಿನ ‘ಸತ್ತುಹೋಯಿತು’ ಎಂಬ ಪದವನ್ನೇ ಬಳಸಿ. ‘ಮಲಗಿಬಿಟ್ಟಿತು’ ಎಂದರೆ ಆ ವಯಸ್ಸಿನ ಕೆಲವು ಮಕ್ಕಳಿಗೆ ರಾತ್ರಿ ಮಲಗಲು ಭಯವಾಗುತ್ತದೆ. ‘ಎಲ್ಲೋ ಹೋಯಿತು’ ಎಂದರೆ ಹುಡುಕುತ್ತಾರೆ. ಪ್ರಾರ್ಥನೆಯ ಸಭೆಯಲ್ಲಿ ಎಲ್ಲರೆದುರು ಘೋಷಿಸಬೇಡಿ. ನಿಮ್ಮ ತರಗತಿಯಲ್ಲಿ, ನಿಮ್ಮ ಬಾಯಿಂದ, ದಿನದ ಮೊದಲ ಪಾಠದ ಹೊತ್ತಿಗೆ ಹೇಳಿ. ನಿಮಗೆ ಅಳು ಬಂದರೆ ಅಳಿ. ಅಂದೇ ಪೋಷಕರಿಗೂ ತಿಳಿಸಿ, ಪ್ರಶ್ನೆಗಳು ಬರುವುದು ರಾತ್ರಿ ಮನೆಯಲ್ಲಿ.

ಒಂದು ಮಗುವಾದರೂ ‘ನಾನು ಅವತ್ತು ಸೊಪ್ಪು ಹಾಕಿರಲಿಲ್ಲ, ಅದಕ್ಕಾ?’ ಎಂದು ಕೇಳುತ್ತದೆ. ಕೇಳದಿದ್ದರೂ ಒಳಗೆ ಇಟ್ಟುಕೊಂಡಿರುತ್ತದೆ. ಅದಕ್ಕೇ ಸತ್ತ ಕಾರಣವನ್ನು ಬಿಡಿಸಿ ಹೇಳಿ, ಯಾರ ತಪ್ಪೂ ಅಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ವೈದ್ಯರು ಚುಚ್ಚುಮದ್ದಿನಿಂದ ನೋವಿಲ್ಲದ ಸಾವು ಕೊಟ್ಟಿದ್ದರೆ ಮೊಲದ ದೇಹದಲ್ಲಿ ಆ ಔಷಧಿ ಉಳಿದಿರುತ್ತದೆ, ಅಗೆದು ತಿಂದ ಪ್ರಾಣಿಯೂ ಸಾಯಬಹುದು. ಹೂಳುವ ಮೊದಲು ಅವರನ್ನೇ ಕೇಳಿ. ಇನ್ನೊಂದು ಮೊಲವನ್ನು ಮರುದಿನವೇ ತರಬೇಡಿ. ಖಾಲಿ ಗೂಡು ಒಂದಷ್ಟು ದಿನ ಹಾಗೆಯೇ ಇರಲಿ. ಸೊಪ್ಪು ಹಾಕುವ ಪಾಳಿಯ ಪಟ್ಟಿಯನ್ನು ಗೋಡೆಯಿಂದ ಯಾವಾಗ ತೆಗೆಯಬೇಕೆಂದು ಮಕ್ಕಳೇ ಹೇಳಲಿ.